ನೀರು ಆರಿದ ಮೇಲೆ ಗೋಡೆಯಲ್ಲಿ ಉಳಿಯುವುದೇನು?

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿ ಏಷ್ಯನ್ ಪೇಂಟ್ಸ್ 2018ರಲ್ಲಿ ತೆರೆದ ಕಾರ್ಖಾನೆಯ ಮೊದಲ ಹಂತದ ಸಾಮರ್ಥ್ಯವೇ ವರ್ಷಕ್ಕೆ 3 ಲಕ್ಷ ಕಿಲೋಲೀಟರ್. ನೆರೆಯ ಚಾಮರಾಜನಗರದಲ್ಲಿ ಬಿರ್ಲಾ ಓಪಸ್ ತನ್ನ ಆರು ಘಟಕಗಳಲ್ಲಿ ಒಂದನ್ನು ಸ್ಥಾಪಿಸಿದೆ. ಆ ಬ್ರ್ಯಾಂಡ್ ಮಾರುಕಟ್ಟೆಗೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಇತ್ತ ಕರಾವಳಿಯಲ್ಲಿ, ಸುರತ್ಕಲ್ ಹತ್ತಿರದ ಬಾಳದಲ್ಲಿ, ಜರ್ಮನಿ ಮೂಲದ ಬಿಎಎಸ್‌ಎಫ್ ಹಲವು ವರ್ಷಗಳಿಂದ ಪಾಲಿಮರ್ ಡಿಸ್ಪರ್ಷನ್ ತಯಾರಿಸುತ್ತಿದೆ. ಹೆಸರು ಅಪರಿಚಿತವಾದರೂ ಸರಕು ನಮ್ಮೆಲ್ಲರ ಮನೆಯಲ್ಲಿದೆ. ನೀರಿನಲ್ಲಿ ಹರಡಿಕೊಂಡ ಪ್ಲಾಸ್ಟಿಕ್‌ನ ಅತಿ ಸೂಕ್ಷ್ಮ ಕಣಗಳು, ನೋಡುವುದಕ್ಕೆ ಹಾಲಿನಂತೆ ಬೆಳ್ಳಗಿನ ದ್ರವ. ಗೋಡೆಯ ಎಮಲ್ಷನ್ ಬಣ್ಣ, ಬಡಗಿಯ ಬಿಳಿ ಅಂಟು, ಟೆರೇಸಿಗೆ ಬಳಿಯುವ ವಾಟರ್‌ಪ್ರೂಫಿಂಗ್, ಟೀಶರ್ಟಿನ ಮೇಲಿನ ಪ್ರಿಂಟು, ಪಾರ್ಸೆಲ್ ಡಬ್ಬಕ್ಕೆ ಸುತ್ತುವ ಕಂದು ಟೇಪು, ಇವೆಲ್ಲ ನಿಂತಿರುವುದು ಇದರ ಮೇಲೆ. ಟೈಲ್ಸ್ ಕೂರಿಸುವ ಪುಡಿಯಲ್ಲೂ ಇದೇ ದ್ರವವನ್ನು ಒಣಗಿಸಿ ಪುಡಿಮಾಡಿ ಬೆರೆಸಿರುತ್ತಾರೆ.

ಥಿನ್ನರ್ ವಾಸನೆಯ ಬಣ್ಣಗಳಿಂದ ನೀರಿನ ಬಣ್ಣಗಳಿಗೆ ಬಂದದ್ದು ಒಳ್ಳೆಯದೇ ಆಯಿತು. ಪೇಂಟರ್‌ಗಳ ಆರೋಗ್ಯದ ದೃಷ್ಟಿಯಿಂದ ಕಳೆದ ನೂರು ವರ್ಷಗಳಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ ಆಗಿಲ್ಲ ಎಂದೇ ನನ್ನ ಭಾವನೆ. ಆದರೆ ಡಬ್ಬಿಯ ಮೇಲಿನ ‘ವಾಟರ್ ಬೇಸ್ಡ್’ ಎಂಬ ಅಚ್ಚು ನಮಗೆ ಹೇಳುವುದು ಬಣ್ಣ ಒಣಗುವಾಗ ಮುಖ್ಯವಾಗಿ ಆವಿಯಾಗುವುದು ನೀರು ಎಂಬ ಒಂದೇ ಸಂಗತಿಯನ್ನು. ಆ ನೀರಿನೊಳಗೆ ಇನ್ನೇನಿತ್ತು, ಗೋಡೆಯಲ್ಲಿ ಉಳಿದದ್ದು ಏನು, ಬ್ರಷ್ ತೊಳೆದಾಗ ಚರಂಡಿಗೆ ಹೋದದ್ದು ಏನು ಎಂಬುದನ್ನು ತಿಳಿಸಬೇಕಾದ ಹೊಣೆ ನಮ್ಮ ದೇಶದಲ್ಲಿ ಯಾರ ಮೇಲೂ ಸರಿಯಾಗಿ ಬಿದ್ದಿಲ್ಲ. ಈ ಬರಹದ ಕಾಳಜಿ ಅದು.

ಸುಳ್ಯದ ಹಾಲು, ಕಾರ್ಖಾನೆಯ ಹಾಲು

ಸುಳ್ಯ, ಪುತ್ತೂರು, ಕಡಬದ ಕಡೆಯವರಿಗೆ ಇದರ ವಿಜ್ಞಾನ ಅರ್ಧ ಗೊತ್ತೇ ಇದೆ. ರಬ್ಬರ್ ಮರಕ್ಕೆ ಗೀರು ಹಾಕಿದಾಗ ಗೆರಟೆಗೆ ಇಳಿಯುವ ಹಾಲು ಪ್ರಕೃತಿಯೇ ಮಾಡಿದ ಪಾಲಿಮರ್ ಡಿಸ್ಪರ್ಷನ್. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ರಬ್ಬರ್, ಉಳಿದದ್ದು ಬಹುತೇಕ ನೀರು. ರಬ್ಬರ್ ಕಣಗಳ ಮೈಗೆ ಪ್ರೋಟೀನ್ ಮತ್ತು ಕೊಬ್ಬಿನಂಶದ ಪೊರೆ ಇರುತ್ತದೆ. ಆ ಪೊರೆಗೆ ಋಣ ವಿದ್ಯುದಂಶ ಇರುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ; ಹಾಲು ಹಾಲಾಗಿಯೇ ಉಳಿಯುತ್ತದೆ. ಫಾರ್ಮಿಕ್ ಆಸಿಡ್ ಹಾಕಿದರೆ ಆ ವಿದ್ಯುದಂಶ ಅಳಿಸಿಹೋಗಿ ಕಣಗಳು ಕೂಡಿಕೊಂಡು ಶೀಟಿಗೆ ಬೇಕಾದ ಗಟ್ಟಿ ಸಿಗುತ್ತದೆ. ದೂರಕ್ಕೆ ಸಾಗಿಸಬೇಕಾದರೆ ಅಮೋನಿಯಾ ಬೆರೆಸುತ್ತಾರೆ, ಹಾಲು ಕೆಡುವುದಿಲ್ಲ, ಹೆಪ್ಪಾಗುವುದಿಲ್ಲ.

ಕಾರ್ಖಾನೆಯಲ್ಲಿ ಮಾಡುವುದೂ ಇದನ್ನೇ, ಮರದ ಬದಲು ರಿಯಾಕ್ಟರ್‌ನಲ್ಲಿ. ನೀರಿಗೆ ಸಾಬೂನಿನ ಜಾತಿಯ ವಸ್ತುವನ್ನು ಹಾಕುತ್ತಾರೆ. ವಿನೈಲ್ ಅಸಿಟೇಟ್, ಬ್ಯುಟೈಲ್ ಅಕ್ರಿಲೇಟ್, ಸ್ಟೈರೀನ್, ಮಿಥೈಲ್ ಮೆಥಾಕ್ರಿಲೇಟ್‌ಗಳಂಥ ಮಾನೋಮರ್ ದ್ರವಗಳನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಾರೆ. 70–85 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಪರ್ಸಲ್ಫೇಟ್ ಲವಣ ಒಡೆದು ಕ್ರಿಯೆಗೆ ಕಿಡಿ ಹಚ್ಚುತ್ತದೆ. ಸಾಬೂನಿನ ಅಣುಗಳು ಗುಂಪುಗೂಡಿದ ಪುಟ್ಟ ಆವರಣಗಳೊಳಗೆ ಮಾನೋಮರ್‌ಗಳು ಒಂದಕ್ಕೊಂದು ಪೋಣಿಸಿಕೊಂಡು ಉದ್ದನೆಯ ಸರಪಳಿಗಳಾಗುತ್ತವೆ. ಕೊನೆಗೆ ಸಿಗುವುದು 50ರಿಂದ 500 ನ್ಯಾನೋಮೀಟರ್ ಅಳತೆಯ ಕಣಗಳು, ತೂಕದಲ್ಲಿ ಸುಮಾರು ಅರ್ಧದಷ್ಟು.

ಒಂದು ಲೆಕ್ಕ ಹಾಕಿ ನೋಡಿದರೆ ಈ ದ್ರವದ ಸ್ವಭಾವ ಅರ್ಥವಾಗುತ್ತದೆ. 150 ನ್ಯಾನೋಮೀಟರಿನ ಕಣಗಳು ಅರ್ಧ ಪಾಲು ತುಂಬಿರುವ ಒಂದು ಲೀಟರ್ ಡಿಸ್ಪರ್ಷನ್ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 2,800 ಕೋಟಿ ಕೋಟಿ ಕಣಗಳಿರುತ್ತವೆ. ಅವುಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ 20,000 ಚದರ ಮೀಟರ್, ಹತ್ತಿರಹತ್ತಿರ ಐದು ಎಕರೆ. ಒಂದು ಲೀಟರಿನೊಳಗೆ ಐದು ಎಕರೆ ಮೈಯನ್ನು ಕಾಯಬೇಕಾದ ಕೆಲಸ ಅಲ್ಲಿ ಬೆರೆಸಿದ ಒಂದಿಷ್ಟು ಸಾಬೂನಿನಂಥ ವಸ್ತುವಿನದು. ಬಣ್ಣ ಹೆಪ್ಪುಗಟ್ಟಿ ಹಾಳಾಗುವುದು, ಮಳೆಯಲ್ಲಿ ಗೋಡೆಯಿಂದ ಅಂಟಂಟು ಇಳಿಯುವುದು, ನೊರೆ ಬರುವುದು, ಹೀಗೆ ಈ ಬಣ್ಣಗಳ ಎಷ್ಟೋ ತಕರಾರುಗಳ ಬೇರು ಆ ಐದು ಎಕರೆಯಲ್ಲಿದೆ.

ಇದರ ಲಾಭವೂ ಅಲ್ಲೇ ಇದೆ. ಉದ್ದನೆಯ ಪಾಲಿಮರ್ ಸರಪಳಿಯನ್ನು ದ್ರಾವಕದಲ್ಲಿ ಕರಗಿಸಿದರೆ ಬೇಗ ಜೇನಿನಷ್ಟು ಮಂದವಾಗುತ್ತದೆ, ಬಳಿಯಲು ಆಗುವುದಿಲ್ಲ. ಕಣದೊಳಗೆ ಮಡಚಿಟ್ಟರೆ ಸರಪಳಿ ಎಷ್ಟೇ ಉದ್ದವಿರಲಿ, ದ್ರವ ತೆಳುವಾಗಿಯೇ ಹರಿಯುತ್ತದೆ. ಗಟ್ಟಿಮುಟ್ಟಾದ ಪ್ಲಾಸ್ಟಿಕ್ಕನ್ನು ದ್ರಾವಕದಲ್ಲಿ ಕರಗಿಸದೆಯೇ ಬ್ರಷ್‌ಗೆ ಒಗ್ಗಿಸಿದ್ದು ಈ ಉಪಾಯ.

ಜರ್ಮನಿಯ ಫ್ರಿಟ್ಸ್ ಕ್ಲಾಟೆ 1912ರಲ್ಲೇ ವಿನೈಲ್ ಅಸಿಟೇಟ್ ಪಾಲಿಮರ್ ಕಂಡುಹಿಡಿದಿದ್ದ. ಆದರೆ ಈ ವಿದ್ಯೆಗೆ ವೇಗ ಕೊಟ್ಟದ್ದು ಎರಡನೇ ಮಹಾಯುದ್ಧ. ಮಲಯಾ ಮತ್ತು ಡಚ್ ಈಸ್ಟ್ ಇಂಡೀಸ್ ತೋಟಗಳು ಜಪಾನಿನ ವಶವಾದಾಗ ಅಮೆರಿಕ ಕೃತಕ ರಬ್ಬರಿಗಾಗಿ ಎಮಲ್ಷನ್ ಪಾಲಿಮರೀಕರಣದ ಕಾರ್ಖಾನೆಗಳನ್ನು ತರಾತುರಿಯಿಂದ ಕಟ್ಟಿತು. ಯುದ್ಧ ಮುಗಿದ ಮೇಲೆ ಅದೇ ಸ್ಟೈರೀನ್-ಬ್ಯುಟಡೈಈನ್ ಹಾಲು ಬಣ್ಣದ ಡಬ್ಬಿಗೆ ಬಂತು: 1948ರಲ್ಲಿ ಗ್ಲಿಡನ್ ಕಂಪನಿಯ ‘ಸ್ಪ್ರೆಡ್ ಸ್ಯಾಟಿನ್’. 1953ರಲ್ಲಿ ರೋಮ್ ಅಂಡ್ ಹಾಸ್ ಬಣ್ಣಕ್ಕೆಂದೇ ಪೂರ್ಣ ಅಕ್ರಿಲಿಕ್ ಎಮಲ್ಷನ್ ತಂದಿತು. ಇಂದಿನ ಹೊರಗೋಡೆಯ ಬಣ್ಣಗಳ ವಂಶ ಅಲ್ಲಿಂದ ಬಂದದ್ದು. ನಮ್ಮಲ್ಲಿ 1959ರಲ್ಲಿ ಬಂದ ಫೆವಿಕಾಲ್ ಬಡಗಿಗಳ ಕೊಟ್ಟಿಗೆಯಿಂದ ಕುದಿಸುವ ಮರವಜ್ರದ ಪಾತ್ರೆಯನ್ನೇ ಹೊರಗೆ ಹಾಕಿತು. ಮರವಜ್ರ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು. ಪ್ರತಿಸಲ ಬಿಸಿ ಮಾಡಬೇಕು, ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಪಾಲಿವಿನೈಲ್ ಅಸಿಟೇಟ್ ಅಂಟಿಗೆ ಒಲೆ ಬೇಡ.

ಪೇಂಟರ್‌ನ ಉಸಿರು

ಇನಾಮಲ್ ಬಣ್ಣದಲ್ಲಿ ಲೀಟರಿಗೆ 300ರಿಂದ 400 ಗ್ರಾಂನಷ್ಟು ದ್ರಾವಕ ಇರುವುದು ಸಾಮಾನ್ಯ. ಅದೆಲ್ಲ ಒಂದೆರಡು ದಿನಗಳಲ್ಲಿ ಕೋಣೆಯ ಗಾಳಿಗೆ ಸೇರಬೇಕು, ಮೊದಲು ಅದನ್ನು ಉಸಿರಾಡುವವರು ಬಳಿಯುವವರೇ. 1970ರ ದಶಕದಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಪೇಂಟರ್‌ಗಳಲ್ಲಿ ಮರೆವು, ಏಕಾಗ್ರತೆಯ ಕೊರತೆ, ಸ್ವಭಾವದ ಬದಲಾವಣೆಗಳನ್ನು ಗುರುತಿಸಿ ದ್ರಾವಕಗಳೊಂದಿಗೆ ನಂಟು ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1989ರಲ್ಲಿ ಪೇಂಟರ್ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, ಆಮೇಲಿನ ಮರುಪರಿಶೀಲನೆಯಲ್ಲೂ ಅದನ್ನೇ ಎತ್ತಿಹಿಡಿಯಿತು. ಒಂದು ರಾಸಾಯನಿಕವನ್ನು ಸೇರಿಸುವುದು ಬೇರೆ, ಲಕ್ಷಾಂತರ ಜನರ ಹೊಟ್ಟೆಪಾಡನ್ನೇ ಆ ಪಟ್ಟಿಯಲ್ಲಿ ನೋಡುವುದು ಬೇರೆ. ಅಮೆರಿಕದಲ್ಲಿ ಕಾರಣ ಇನ್ನೊಂದಿತ್ತು. ಲಾಸ್ ಏಂಜಲೀಸ್‌ನ ಹೊಗೆಮಂಜಿಗೆ ದ್ರಾವಕಗಳ ಆವಿಯೂ ಕಾರಣವೆಂದು ತಿಳಿದ ಮೇಲೆ ಅಲ್ಲಿನ ವಾಯುಮಾಲಿನ್ಯ ನಿಯಂತ್ರಕರು 1966ರಲ್ಲಿ ದ್ರಾವಕಗಳಿಗೆ ಕಡಿವಾಣ ಹಾಕುವ ನಿಯಮ ತಂದರು.

ಗೋಡೆಯ ಮಟ್ಟಿಗೆ ಬಿಡುಗಡೆ ಸಿಕ್ಕಿತು. ಅಂಟಿನ ಮಟ್ಟಿಗೆ ಅರ್ಧ ಮಾತ್ರ. ಚಪ್ಪಲಿ, ಪಂಕ್ಚರ್, ಫೋಮ್ ಕೆಲಸದವರು ‘ಸೊಲ್ಯೂಷನ್’ ಎನ್ನುವ ಅಂಟು ಇವತ್ತಿಗೂ ಟಾಲ್ವೀನ್, ಹೆಕ್ಸೇನ್‌ನಂಥ ದ್ರಾವಕಗಳಲ್ಲಿ ಕರಗಿಸಿದ್ದು. ಇಸ್ತಾಂಬುಲ್‌ನ ವೈದ್ಯ ಮುಜಾಫರ್ ಅಕ್ಸೋಯ್ 1970ರ ದಶಕದಲ್ಲಿ ಚಪ್ಪಲಿ ಕೆಲಸಗಾರರಲ್ಲಿ ರಕ್ತ ಉತ್ಪತ್ತಿಯೇ ನಿಲ್ಲುವ ಕಾಯಿಲೆ ಮತ್ತು ರಕ್ತದ ಕ್ಯಾನ್ಸರ್‌ಗಳನ್ನು ದಾಖಲಿಸಿ, ಅಂಟಿನಲ್ಲಿದ್ದ ಬೆಂಜೀನ್‌ನತ್ತ ಬೆರಳು ತೋರಿಸಿದ್ದರು. ನೀರಿನಲ್ಲಿ ಹರಡಿದ ಪಾಲಿಯುರೆಥೇನ್ ಅಂಟು ಲಭ್ಯವಿದ್ದು, ದೊಡ್ಡ ಶೂ ಕಾರ್ಖಾನೆಗಳು ಬಳಸುತ್ತವೆ. ಬೀದಿಬದಿಯ ಕೆಲಸಗಾರರಿಗೆ ಅದು ಏಕೆ ತಲುಪಿಲ್ಲ ಎಂಬುದಕ್ಕೆ ಭೌತಶಾಸ್ತ್ರದಲ್ಲೇ ಒಂದು ಉತ್ತರವಿದೆ: ಅಷ್ಟೇ ತೂಕದ ಟಾಲ್ವೀನ್ ಆವಿಯಾಗಲು ಬೇಕಾದ ಶಾಖದ ಐದಾರು ಪಟ್ಟು ನೀರಿಗೆ ಬೇಕು. ಕಾರ್ಖಾನೆಯಲ್ಲಿ ಒಣಗಿಸುವ ಬಿಸಿ ಸುರಂಗವಿದೆ. ಮರದ ನೆರಳಿನಲ್ಲಿ ಕೂತು ಗಿರಾಕಿ ಎದುರೇ ಅಟ್ಟೆ ಅಂಟಿಸಿಕೊಡಬೇಕಾದವರಿಗೆ ಅಷ್ಟು ಹೊತ್ತು ಕಾಯುವ ಅನುಕೂಲ ಇಲ್ಲ. ‘ಜನ ಬದಲಾಗುವುದಿಲ್ಲ’ ಎಂದು ದೂರುವ ಮುನ್ನ ಇದನ್ನು ನೆನಪಿಡಬೇಕು.

250 ಡಿಗ್ರಿಯ ಗೆರೆ

ಗೋಡೆಗೆ ಬಳಿದ ಎಮಲ್ಷನ್‌ನಿಂದ ನೀರು ಹೋದಂತೆ ಕಣಗಳು ಹತ್ತಿರ ಬಂದು ಒತ್ತಾಗಿ ಕೂರುತ್ತವೆ. ಅವುಗಳ ನಡುವಿನ ಕೊನೆಯ ನೀರು ಹಿಂಜರಿಯುವಾಗ ಹುಟ್ಟುವ ಸೆಳೆತ ಕಣಗಳನ್ನು ಚಪ್ಪಟೆಯಾಗಿಸಿ ಒಂದಕ್ಕೊಂದು ಅದುಮುತ್ತದೆ. ಬಳಿಕ ಒಂದು ಕಣದ ಸರಪಳಿಗಳು ಪಕ್ಕದ ಕಣದೊಳಕ್ಕೆ ನುಗ್ಗಿ ಹೆಣೆದುಕೊಂಡರೆ ಅದು ಪೊರೆ. ಹೆಣೆದುಕೊಳ್ಳಲು ಕಣ ಸ್ವಲ್ಪ ಮೆದುವಾಗಿರಬೇಕು. ಬ್ಯುಟೈಲ್ ಅಕ್ರಿಲೇಟ್‌ನ ಪಾಲಿಮರ್ ಶೂನ್ಯಕ್ಕಿಂತ 50 ಡಿಗ್ರಿ ಕೆಳಗೂ ಮೆದುವಾಗಿರುತ್ತದೆ. ಮಿಥೈಲ್ ಮೆಥಾಕ್ರಿಲೇಟ್‌ನದು 100 ಡಿಗ್ರಿ ದಾಟುವವರೆಗೂ ಗಾಜಿನಂತೆ ಗಡಸು. ಎರಡನ್ನೂ ಹದವಾಗಿ ಬೆರೆಸುವುದೇ ಈ ಕಸುಬಿನ ಗುಟ್ಟು. ಹೆಚ್ಚು ಮೆದುವಾದರೆ ಧೂಳು ಹಿಡಿಯುತ್ತದೆ, ಕಿಟಕಿ ಚೌಕಟ್ಟಿಗೆ ಅಂಟಿಕೊಳ್ಳುತ್ತದೆ. ಹೆಚ್ಚು ಗಡಸಾದರೆ ಪೊರೆಯೇ ಕಟ್ಟದೆ ಬಿರುಕು ಬಿಡುತ್ತದೆ. ಚಳಿಗಾಲದ ಬೆಳಗಿನಲ್ಲಿ ಬಿಳಿ ಅಂಟು ಹಾಕಿದ ಸಂದು ಸೀಮೆಸುಣ್ಣದ ಪುಡಿಯಂತೆ ಆಗಿದ್ದರೆ, ಬಡಗಿಗೆ ಕಾಣುತ್ತಿರುವುದು ಇದೇ: ನೀರು ಹೋಗಿದೆ, ಕಣಗಳು ಕೂಡಿಕೊಂಡಿಲ್ಲ.

ಗಡಸು ಪಾಲಿಮರ್ ಬೇಕು, ಆದರೂ ಮಾಮೂಲಿ ಹವೆಯಲ್ಲಿ ಪೊರೆ ಕಟ್ಟಬೇಕು ಎಂದಾಗ ಕಣಗಳನ್ನು ತಾತ್ಕಾಲಿಕವಾಗಿ ಮೆದುಗೊಳಿಸುವ ಒಂದು ದ್ರಾವಕವನ್ನು ಬೆರೆಸುತ್ತಾರೆ. ಟೆಕ್ಸನಾಲ್ ಎಂಬುದು ಅವುಗಳಲ್ಲಿ ಹೆಸರುವಾಸಿ. ಅದು ಕುದಿಯುವುದು ಸುಮಾರು 255 ಡಿಗ್ರಿಯಲ್ಲಿ. ಯುರೋಪ್ ಒಕ್ಕೂಟದ 2004ರ ನಿರ್ದೇಶನದ ಪ್ರಕಾರ 250 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಕುದಿಯುವ ಸಾವಯವ ವಸ್ತುಗಳು ಮಾತ್ರ ವಿಒಸಿ, ಅಂದರೆ ಆವಿಯಾಗುವ ಸಾವಯವ ಸಂಯುಕ್ತಗಳು. ಹಾಗಾಗಿ ಟೆಕ್ಸನಾಲ್ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೆ ಅದು ಗೋಡೆಯಿಂದ ಹೊರಹೋಗದೆ ಇರುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಹೋಗುತ್ತದೆ. ಹೊಸ ಬಣ್ಣದ ಮನೆಯಲ್ಲಿ ‘ವಾಸನೆಯೇ ಇಲ್ಲ’ ಎಂದು ಕೊಂಡ ಮೇಲೂ ಉಳಿಯುವ ಮಂದ ವಾಸನೆಯ ಹಿಂದೆ ಇಂಥವು ಇರಬಹುದು.

ಹೀಗಿದ್ದರೂ ಯುರೋಪಿನ ಆ ನಿರ್ದೇಶನ ಬಹಳ ಕೆಲಸ ಮಾಡಿತು ಎನ್ನಲೇಬೇಕು. ಒಳಗೋಡೆಯ ನೀರಿನ ಮ್ಯಾಟ್ ಬಣ್ಣಕ್ಕೆ ಲೀಟರಿಗೆ 75 ಗ್ರಾಂ ಇದ್ದ ಮಿತಿಯನ್ನು 2010ರಿಂದ 30 ಗ್ರಾಂಗೆ ಇಳಿಸಿತು. ಡಬ್ಬಿಯ ಮೇಲೆ ಮಿತಿ ಎಷ್ಟು, ಇದರಲ್ಲಿ ಇರುವುದು ಎಷ್ಟು ಎರಡನ್ನೂ ಮುದ್ರಿಸುವುದು ಅಲ್ಲಿ ಕಡ್ಡಾಯ. ನಮ್ಮಲ್ಲಿ ಸೀಸಕ್ಕೆ ಕಡ್ಡಾಯ ಮಿತಿ ಇದೆ, ವಿಒಸಿಗೆ ಹಾಗಿಲ್ಲ. ಹಸಿರು ಕಟ್ಟಡದ ಪ್ರಮಾಣಪತ್ರ ಬೇಕಾದವರು ಕೇಳುತ್ತಾರೆ, ಕಂಪನಿಗಳು ತಮಗೆ ಬೇಕಾದ ಡಬ್ಬಿಯ ಮೇಲೆ ‘ಲೋ ವಿಒಸಿ’ ಎಂದು ಹಾಕಿಕೊಳ್ಳುತ್ತವೆ.

ಸೀಸದ ಕಥೆ ಇಲ್ಲಿ ದಾರಿ ತೋರಿಸುತ್ತದೆ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ 2016ರಲ್ಲಿ ಬಂತು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದರ ಹಿಂದೆ ಬೆಂಗಳೂರಿನ ದುಡಿಮೆ ಸಾಕಷ್ಟಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ 1990ರ ದಶಕದಿಂದ ಮಕ್ಕಳ ರಕ್ತದಲ್ಲಿ ಸೀಸ ಅಳೆದು, ಎಚ್ಚರಿಸಿ, ವಿಷಯವನ್ನು ರಾಷ್ಟ್ರಮಟ್ಟಕ್ಕೆ ಒಯ್ದರು. ಅಳತೆ ಮೊದಲು, ಮಿತಿ ಆಮೇಲೆ, ಡಬ್ಬಿಯ ಮೇಲಿನ ಘೋಷಣೆ ಅದರ ಜೊತೆಗೆ: ಇದೇ ಕ್ರಮ ವಿಒಸಿಗೂ ಸಾಧ್ಯ.

ಕೆಡದಂತೆ ಕಾಯುವ ಮದ್ದು

ದ್ರಾವಕದ ಬಣ್ಣದಲ್ಲಿ ಬ್ಯಾಕ್ಟೀರಿಯಾ ಬದುಕುವುದಿಲ್ಲ. ನೀರಿನ ಬಣ್ಣದಲ್ಲಿ ಸೊಗಸಾಗಿ ಬದುಕುತ್ತದೆ. ಆದ್ದರಿಂದ ಡಬ್ಬಿಯೊಳಗೆ ಐಸೋಥಯಜೋಲಿನೋನ್ ಗುಂಪಿನ ಸಂರಕ್ಷಕಗಳನ್ನು ಹಾಕುತ್ತಾರೆ. ತೀರಾ ಕಡಿಮೆ ಪ್ರಮಾಣ ಸಾಕು; ಕೆಲವರ ಚರ್ಮಕ್ಕೂ ಅಷ್ಟೇ ಸಾಕು. ಈ ಗುಂಪಿನ ಮಿಥೈಲ್ ಐಸೋಥಯಜೋಲಿನೋನ್, ಚಿಕ್ಕದಾಗಿ ಎಂಐಟಿ, ಎಂಬುದು ಅಲರ್ಜಿ ಬರಿಸುವುದರಲ್ಲಿ ಕುಖ್ಯಾತ. ಯುರೋಪಿನಲ್ಲಿ 2020ರ ಮೇ ತಿಂಗಳಿನಿಂದ ಅದು 15 ಪಿಪಿಎಂ ಮುಟ್ಟಿದರೆ ಆ ಉತ್ಪನ್ನವನ್ನು ಚರ್ಮದ ಅಲರ್ಜಿಕಾರಕವೆಂದು ವರ್ಗೀಕರಿಸಬೇಕು. ಒಮ್ಮೆ ಅಲರ್ಜಿ ಹತ್ತಿಕೊಂಡವರಿಗೆ ಹೊಸದಾಗಿ ಬಣ್ಣ ಬಳಿದ ಕೋಣೆಯ ಗಾಳಿಯೇ ಮುಖದ ಮೇಲೆ ತುರಿಕೆ ಎಬ್ಬಿಸಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ನಮ್ಮ ಪೇಂಟರ್‌ಗಳು ಬರಿಗೈಯಲ್ಲಿ ಬಣ್ಣ ಕಲಸುತ್ತಾರೆ, ಸಂಜೆ ಅದೇ ಕೈಗೆ ಬಂದ ತುರಿಕೆಯನ್ನು ಸಿಮೆಂಟಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ಡಬ್ಬಿಯ ಮೇಲೆ ಸಂರಕ್ಷಕದ ಹೆಸರಿಲ್ಲದಿದ್ದರೆ ಚರ್ಮದ ವೈದ್ಯರಿಗೂ ಕಾರಣ ಹುಡುಕುವುದು ಕಷ್ಟ.

ಹೊರಗೋಡೆಯ ಬಣ್ಣದಲ್ಲಿ ಇನ್ನೊಂದು ಬಗೆಯ ಮದ್ದು ಇರುತ್ತದೆ. ಪಾಚಿ, ಬೂಷ್ಟು ಬರಬಾರದೆಂದು ಒಣಗಿದ ಪೊರೆಯೊಳಗೇ ಡೈಯುರಾನ್, ಟರ್ಬ್ಯುಟ್ರಿನ್‌ನಂಥ ಕಳೆನಾಶಕ ಜಾತಿಯ ವಸ್ತುಗಳನ್ನು ಉಳಿಸುತ್ತಾರೆ. ಅವು ಕೆಲಸ ಮಾಡಬೇಕಾದರೆ ನೀರಿನಲ್ಲಿ ಸ್ವಲ್ಪಸ್ವಲ್ಪ ಕರಗಲೇಬೇಕು. ಗೋಡೆಯ ಮೇಲೆ ಹರಿದ ಮಳೆನೀರಿನೊಂದಿಗೆ ಅವು ಇಳಿದುಹೋಗುವುದನ್ನು ಸ್ವಿಟ್ಜರ್ಲೆಂಡಿನ ಜಲಸಂಶೋಧನಾ ಸಂಸ್ಥೆ ಇಆವಾಗ್ ಅಧ್ಯಯನ ಮಾಡಿದೆ. ಅಲ್ಲಿನ ಮಳೆಯೇ ಅಷ್ಟು ತೊಳೆಯುವುದಾದರೆ, ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ನಮ್ಮ ಕರಾವಳಿಯಲ್ಲಿ ಏನಾಗುತ್ತಿದೆ? ಗೋಡೆಯ ಬುಡದಿಂದ ಬಾವಿಗೆ ಹತ್ತು ಹೆಜ್ಜೆ ಮಾತ್ರ ಇರುವ ಮನೆಗಳ ನಾಡು ಅದು. ಮಂಗಳೂರು, ಉಡುಪಿಯ ಕಾಲೇಜುಗಳ ಪ್ರಯೋಗಾಲಯಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರೆ ಅದು ನಿಜವಾಗಿ ನಮ್ಮದೇ ಸಂಶೋಧನೆ.

ಗೋಡೆ ಎಂಥದು ಎಂದು ಮೊದಲು ನೋಡಿ

ಅಗ್ಗದ ಎಮಲ್ಷನ್ ಮತ್ತು ದುಬಾರಿ ಎಮಲ್ಷನ್ ನಡುವಿನ ವ್ಯತ್ಯಾಸದ ದೊಡ್ಡ ಪಾಲು ಬೈಂಡರಿನಲ್ಲಿ, ಅಂದರೆ ಪುಡಿಗಳನ್ನು ಹಿಡಿದಿಡುವ ಪಾಲಿಮರ್‌ನಲ್ಲಿ ಇದೆ. ಟೈಟಾನಿಯಂ ಡೈಆಕ್ಸೈಡ್, ಸೀಮೆಸುಣ್ಣ, ಜೇಡಿಪುಡಿಗಳ ಕಣಗಳನ್ನು ಹಿಡಿದಿಡುವಷ್ಟು ಪಾಲಿಮರ್ ಇಲ್ಲದಿದ್ದರೆ ಅಂಗೈ ಉಜ್ಜಿದಾಗ ಬಿಳಿ ಪುಡಿ ಬರುತ್ತದೆ. ಪಾಲಿಮರ್‌ನ ಜಾತಿಯೂ ಮುಖ್ಯ. ವಿನೈಲ್ ಅಸಿಟೇಟ್ ಕ್ಷಾರಕ್ಕೆ ಒಡೆಯುವ ಗುಣದ್ದು; ಹೊಸ ಸಿಮೆಂಟ್ ಗಾರೆಯ ಪಿಎಚ್ 12–13, ಅಂದರೆ ತೀವ್ರ ಕ್ಷಾರ. ನಾಲ್ಕು ವಾರ ಕಾಯದೆ, ಗೋಡೆ ಒಣಗದೆ, ಗೃಹಪ್ರವೇಶದ ಮುಹೂರ್ತಕ್ಕೆಂದು ಅವಸರದಲ್ಲಿ ಬಳಿಸಿದ ಬಣ್ಣ ಮಚ್ಚೆಮಚ್ಚೆಯಾಗಿ ಎದ್ದರೆ ಪೇಂಟರನ್ನು ಬೈದು ಪ್ರಯೋಜನವಿಲ್ಲ. ಸ್ಟೈರೀನ್ ಬೆರೆಸಿದ ಅಕ್ರಿಲಿಕ್ ಕ್ಷಾರವನ್ನೂ ನೀರನ್ನೂ ಚೆನ್ನಾಗಿ ತಡೆಯುತ್ತದೆ, ಬಿಸಿಲಿಗೆ ಹಳದಿಗಟ್ಟುತ್ತದೆ. ಪೂರ್ಣ ಅಕ್ರಿಲಿಕ್ ಬಿಸಿಲಿಗೆ ಗಟ್ಟಿ, ಬೆಲೆಯೂ ಗಟ್ಟಿ.

ಮಳೆಗಾಲದಲ್ಲಿ ಮಲೆನಾಡಿನ ಹೊಸ ಗೋಡೆಯ ಮೇಲೆ ಕಂದು ಬಣ್ಣದ, ಮುಟ್ಟಿದರೆ ಅಂಟುವ ಗೆರೆಗಳು ಇಳಿದಿರುವುದನ್ನು ಹಲವರು ನೋಡಿರುತ್ತಾರೆ. ಮೊದಲೇ ಹೇಳಿದ ಸಾಬೂನಿನಂಥ ವಸ್ತು ಪೊರೆ ಗಟ್ಟಿಯಾಗುವ ಮುನ್ನವೇ ತೇವಕ್ಕೆ ಹೊರಗೆ ಬಂದದ್ದು ಅದು. ಬಣ್ಣ ನಕಲಿ ಎಂದು ಹೆದರಬೇಕಿಲ್ಲ, ಒಂದೆರಡು ಸಲ ನೀರಿನಲ್ಲಿ ತೊಳೆದರೆ ಹೋಗುತ್ತದೆ.

ನನಗೆ ಹೆಚ್ಚು ಚಿಂತೆ ಹಳೆಯ ಮನೆಗಳದ್ದು. ಕರಾವಳಿಯ ಮುರಕಲ್ಲಿನ ಮನೆಗಳು, ಒಳನಾಡಿನ ತೊಟ್ಟಿಮನೆಗಳು ಮಣ್ಣು ಮತ್ತು ಸುಣ್ಣದ ಗಾರೆಯವು. ಅವುಗಳ ಗೋಡೆ ನೆಲದಿಂದ ತೇವ ಹೀರುತ್ತದೆ, ಮೈಯಿಂದ ಆರಿಸಿಕೊಳ್ಳುತ್ತದೆ. ಹಬ್ಬದಿಂದ ಹಬ್ಬಕ್ಕೆ ಬಳಿಯುತ್ತಿದ್ದ ಸುಣ್ಣ ಅದಕ್ಕೆ ಅಡ್ಡ ಬರುತ್ತಿರಲಿಲ್ಲ. ಅದೇ ಗೋಡೆಗೆ ಈಗ ಬಿರುಕು ಮುಚ್ಚುವ ದಪ್ಪ ಎಲಾಸ್ಟಿಕ್ ಕೋಟಿಂಗ್ ಬಳಿದರೆ ಹೊರಗಿನ ಮಳೆ ತಡೆಯುತ್ತದೆ ನಿಜ, ಒಳಗಿನ ತೇವಕ್ಕೂ ಬಾಗಿಲು ಹಾಕಿದಂತಾಗುತ್ತದೆ. ಆ ತೇವ ಲವಣಗಳನ್ನು ಹೊತ್ತು ಪೊರೆಯ ಹಿಂದೆ ಸೇರಿ ಗುಳ್ಳೆ ಎಬ್ಬಿಸುತ್ತದೆ, ಆಮೇಲೆ ಗಾರೆಯ ಸಮೇತ ಬಣ್ಣ ಉದುರುತ್ತದೆ. ಇಂಥ ಮನೆಗೆ ಸುಣ್ಣ ಅಥವಾ ಸಿಲಿಕೇಟ್ ಬಣ್ಣವೇ ಸರಿ. ಇವೆರಡೂ ಎಷ್ಟು ಕ್ಷಾರೀಯವೆಂದರೆ ಅವುಗಳಿಗೆ ಸಂರಕ್ಷಕವೂ ಬೇಡ. ಆರ್‌ಸಿಸಿ ಕಟ್ಟಡದ ಟೆರೇಸಿಗೆ, ಸಿಮೆಂಟ್ ಗೋಡೆಯ ಕೂದಲೆಳೆ ಬಿರುಕಿಗೆ ಅದೇ ಎಲಾಸ್ಟಿಕ್ ಕೋಟಿಂಗ್ ಉತ್ತಮ ಮದ್ದು. ಟೈಲ್ಸ್ ವಿಷಯದಲ್ಲೂ ಹಾಗೆಯೇ. ನೀರನ್ನು ಹೀರದ ದೊಡ್ಡ ವಿಟ್ರಿಫೈಡ್ ಟೈಲ್ಸ್‌ಗೆ ಬರೀ ಸಿಮೆಂಟ್ ಹಿಡಿಯುವುದಿಲ್ಲ. ವಾಕರ್ ಕಂಪನಿ 1957ರಲ್ಲಿ ರೂಪಿಸಿದ, ನೀರು ಕೂಡಿದರೆ ಮತ್ತೆ ಹಾಲಾಗುವ ಪಾಲಿಮರ್ ಪುಡಿ ಬೆರೆತಾಗಲೇ ಅದಕ್ಕೆ ಹಿಡಿತ ಬರುವುದು.

ಟೆಕ್ಸಾಸ್‌ನ ಚಳಿ, ದಾವಣಗೆರೆಯ ಅಂಟು

2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿ ಬೀಸಿ ಅಲ್ಲಿನ ರಾಸಾಯನಿಕ ಘಟಕಗಳು ನಿಂತುಹೋದವು. ವಿನೈಲ್ ಅಸಿಟೇಟ್ ಬೆಲೆ ಜಗತ್ತಿನಲ್ಲೆಲ್ಲ ಏರಿತು. ಭಾರತ ಬಳಸುವ ವಿನೈಲ್ ಅಸಿಟೇಟ್ ಹೆಚ್ಚುಕಡಿಮೆ ಪೂರಾ ಆಮದು. ದಾವಣಗೆರೆಯಲ್ಲಿ ಮಂಚ ಮಾಡುವವರು ಕೊಳ್ಳುವ ಬಿಳಿ ಅಂಟಿನ ದರಕ್ಕೂ ಟೆಕ್ಸಾಸ್‌ನ ಹವೆಗೂ ಹೀಗೆ ನೇರ ನಂಟಿದೆ.

ಇದನ್ನು ಕಡಿಮೆ ಮಾಡುವ ಯತ್ನಗಳು ನಡೆದಿವೆ. ಬಿಪಿಸಿಎಲ್‌ನ ಕೊಚ್ಚಿ ರಿಫೈನರಿಯಲ್ಲಿ ಅಕ್ರಿಲಿಕ್ ಆಸಿಡ್, ಅಕ್ರಿಲೇಟ್‌ಗಳನ್ನು ಮಾಡುವ ಸುಮಾರು 6,000 ಕೋಟಿ ರೂಪಾಯಿಯ ಯೋಜನೆ 2021ರ ಫೆಬ್ರುವರಿ 14ರಂದು ಲೋಕಾರ್ಪಣೆಯಾಯಿತು. ಆ ಹಿಮಗಾಳಿಯ ದಿನಗಳಲ್ಲೇ, ಕಾಕತಾಳೀಯವಾಗಿ. ಏಷ್ಯನ್ ಪೇಂಟ್ಸ್ ಗುಜರಾತಿನ ದಹೇಜ್‌ನಲ್ಲಿ ವರ್ಷಕ್ಕೆ 1 ಲಕ್ಷ ಟನ್ ವಿನೈಲ್ ಅಸಿಟೇಟ್, 1.5 ಲಕ್ಷ ಟನ್ ವಿನೈಲ್ ಅಸಿಟೇಟ್-ಎಥಿಲೀನ್ ಡಿಸ್ಪರ್ಷನ್ ಮಾಡುವ ಘಟಕವನ್ನು 2022ರಲ್ಲಿ ಪ್ರಕಟಿಸಿತು. ಎಥಿಲೀನ್ ಬೆರೆತ ಈ ಪಾಲಿಮರ್‌ಗೆ ಇನ್ನೊಂದು ಗುಣವಿದೆ. ಎಥಿಲೀನ್ ಸರಪಳಿಯನ್ನೇ ಮೆದುಗೊಳಿಸುವುದರಿಂದ ಟೆಕ್ಸನಾಲ್‌ನಂಥ ಸಹಾಯಕ ದ್ರಾವಕ ಕಡಿಮೆ ಸಾಕು ಅಥವಾ ಬೇಡವೇ ಬೇಡ. ಆದ್ದರಿಂದ ದಹೇಜ್ ಘಟಕದ ಮಹತ್ವ ವಿದೇಶಿ ವಿನಿಮಯಕ್ಕಿಂತ ದೊಡ್ಡದು. ಕಡಿಮೆ ವಾಸನೆಯ ಬಣ್ಣ ಸಾಮಾನ್ಯರ ದರಕ್ಕೆ ಇಳಿಯುವ ಸಾಧ್ಯತೆ ಅದರಲ್ಲಿದೆ.

ಕಬ್ಬಿನ ಎಥನಾಲ್‌ನಿಂದ ಅಸಿಟಿಕ್ ಆಸಿಡ್ ಮತ್ತು ಎಥಿಲೀನ್ ಎರಡನ್ನೂ ಮಾಡಬಹುದು, ಅವೆರಡರಿಂದ ವಿನೈಲ್ ಅಸಿಟೇಟ್. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಾರ್ಖಾನೆಗಳಿಗೆ ಇದು ಕಾಗದದ ಮೇಲೆ ಒಳ್ಳೆಯ ದಾರಿ. ಆದರೆ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುತ್ತಿರುವಾಗ ಅಂಟಿಗೆ ಮಿಗುವುದು ಕಷ್ಟ. ಕಬ್ಬು ಹೀರುವ ನೀರಿನ ಲೆಕ್ಕವನ್ನೂ ಹಾಕಿದರೆ ‘ಸಸ್ಯಮೂಲ’ ಎಂದು ಕೂಡಲೇ ಸಂಭ್ರಮಿಸಲು ನನಗೆ ಮನಸ್ಸು ಬರುವುದಿಲ್ಲ.

ಬ್ರಷ್ ತೊಳೆದ ನೀರು

ಯುರೋಪ್ ಒಕ್ಕೂಟ 2023ರಲ್ಲಿ ಬೇಕೆಂದೇ ಬೆರೆಸಿದ ಮೈಕ್ರೋಪ್ಲಾಸ್ಟಿಕ್‌ಗಳಿಗೆ ನಿರ್ಬಂಧ ತಂದಾಗ ನೀರಿನ ಬಣ್ಣಗಳಿಗೆ ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಡಬ್ಬಿಯೊಳಗೆ ಇರುವುದು ಕಣಗಳೇ. ಗೋಡೆಯ ಮೇಲೆ ಅವು ಕೂಡಿಕೊಂಡು ಪೊರೆಯಾಗುತ್ತವೆ, ಕಣವಾಗಿ ಉಳಿಯುವುದಿಲ್ಲ ಎಂಬ ಕಾರಣಕ್ಕೆ ಬಣ್ಣಗಳನ್ನು ನಿಷೇಧದಿಂದ ಹೊರಗಿಟ್ಟರು. ಆದರೆ ಬಳಕೆ, ವಿಲೇವಾರಿಯ ಸೂಚನೆ ಕೊಡುವ, ಪರಿಸರಕ್ಕೆ ಸೇರುವ ಪ್ರಮಾಣವನ್ನು ವರದಿ ಮಾಡುವ ಹೊಣೆ ಹೊರಿಸಿದರು. ನನ್ನ ದೃಷ್ಟಿಯಲ್ಲಿ ಅದು ನ್ಯಾಯವಾದ ತೀರ್ಮಾನ. ಗೋಡೆಗೆ ಹತ್ತಿದ್ದು ಪೊರೆ, ಬ್ರಷ್ ಮತ್ತು ರೋಲರಿನಿಂದ ತೊಳೆದುಹೋದದ್ದು ಕಣವೇ.

ಬೆಂಗಳೂರಿನ ಯಾವುದೇ ಹೊಸ ಅಪಾರ್ಟ್‌ಮೆಂಟಿನ ಹಿಂಭಾಗದಲ್ಲಿ ಸಂಜೆ ಆ ಬಿಳಿ ನೀರು ಮಳೆನೀರಿನ ಚರಂಡಿಗೆ ಹರಿಯುವುದನ್ನು ನೋಡಬಹುದು. ಚರಂಡಿ ಕೆರೆಗೆ ಸೇರುತ್ತದೆ. ಕಾರ್ಖಾನೆಯಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಶುದ್ಧೀಕರಣ ಘಟಕ, ತಪಾಸಣೆ ಎಲ್ಲ ಇದೆ. ಅಲ್ಲಿಂದ ಹೊರಟ ಡಬ್ಬಿ ಕೊನೆಗೆ ತೊಳೆಯಲ್ಪಡುವ ಜಾಗದಲ್ಲಿ ಏನೂ ಇಲ್ಲ. ಕೆಲವು ಡಿಸ್ಪರ್ಷನ್‌ಗಳಲ್ಲಿ ಈಗಲೂ ಬಳಕೆಯಲ್ಲಿರುವ ನೋನೈಲ್‌ಫೀನಾಲ್ ಎಥಾಕ್ಸಿಲೇಟ್ ಎಂಬ ಸಾಬೂನು ಜಾತಿಯ ವಸ್ತು ನೀರಿನಲ್ಲಿ ಒಡೆದು ನೋನೈಲ್‌ಫೀನಾಲ್ ಆಗುತ್ತದೆ, ಅದು ಮೀನುಗಳ ಹಾರ್ಮೋನ್ ವ್ಯವಸ್ಥೆಯನ್ನು ಕೆಡಿಸುತ್ತದೆ. ತೊಳೆಯುವ ಪುಡಿ ಮುಂತಾದವುಗಳಲ್ಲಿ ಅದನ್ನು ಯುರೋಪ್ 2003ರಲ್ಲೇ ನಿರ್ಬಂಧಿಸಿತು. ಅದಿಲ್ಲದ ಡಿಸ್ಪರ್ಷನ್‌ಗಳು ಮಾರುಕಟ್ಟೆಯಲ್ಲಿವೆ, ಕೊಳ್ಳುವ ಬಣ್ಣದ ಕಂಪನಿಗಳು ಒತ್ತಾಯಿಸಬೇಕಷ್ಟೆ.

ಬಿಳಿ ನೀರಿನ ವಿಷಯದಲ್ಲಿ ರಬ್ಬರ್ ತೋಟದ ವಿದ್ಯೆಯೇ ಕೆಲಸಕ್ಕೆ ಬರುತ್ತದೆ. ಕಣಗಳ ಋಣ ವಿದ್ಯುದಂಶವನ್ನು ಅಳಿಸಿದರೆ ಅವು ಕೂಡಿಕೊಂಡು ತಳಕ್ಕಿಳಿಯುತ್ತವೆ. ಬಣ್ಣದ ಕಾರ್ಖಾನೆಗಳ ಶುದ್ಧೀಕರಣ ಘಟಕಗಳು ಪಟಿಕ, ಅಂದರೆ ಆಲಂ ಹಾಕಿ ಮಾಡುವುದು ಅದನ್ನೇ. ಕಟ್ಟಡದ ಜಾಗದಲ್ಲೂ ಸಾಧ್ಯ: ರೋಲರಿನಲ್ಲಿ ಉಳಿದ ಬಣ್ಣವನ್ನು ಮೊದಲು ಹಳೆಯ ರಟ್ಟಿನ ಮೇಲೆ ಉಜ್ಜಿ ತೆಗೆಯುವುದು, ಎರಡು ಬಕೆಟ್‌ಗಳಲ್ಲಿ ಮಾತ್ರ ತೊಳೆಯುವುದು, ಆ ನೀರನ್ನು ಒಂದು ಡ್ರಮ್ಮಿಗೆ ತುಂಬಿ ಪಟಿಕದ ಪುಡಿ ಕಲಕಿ ರಾತ್ರಿ ಬಿಡುವುದು. ಬೆಳಿಗ್ಗೆ ಮೇಲಿನ ತಿಳಿಯನ್ನು ಮತ್ತೆ ಬ್ರಷ್ ತೊಳೆಯಲು ಬಳಸಬಹುದು; ತಳದ ಗಸಿಯನ್ನು ಒಣಗಿಸಿ ಕಟ್ಟಡದ ತ್ಯಾಜ್ಯದ ಜೊತೆ ಕೊಡಬಹುದು. ತಿಳಿಯಲ್ಲಿ ಸಂರಕ್ಷಕದ ಅಂಶ ಕರಗಿಯೇ ಇರುತ್ತದೆ, ಹಾಗಾಗಿ ಅದನ್ನು ಗಿಡಕ್ಕೂ ಬಾವಿಯ ಬಳಿಗೂ ಸುರಿಯುವಂತಿಲ್ಲ.

ಇದಕ್ಕೆ ಬೇಕಾದ ಖರ್ಚು ಒಂದು ಡ್ರಮ್, ಒಂದಿಷ್ಟು ಪಟಿಕ. ಅದನ್ನು ದಿನಗೂಲಿಯ ಪೇಂಟರ್ ಮೇಲೆ ಹೊರಿಸುವುದು ತಪ್ಪು; ಗುತ್ತಿಗೆಯ ದರಪಟ್ಟಿಯಲ್ಲೇ ಅದಕ್ಕೊಂದು ಸಾಲು ಇರಬೇಕು, ಲೋಕೋಪಯೋಗಿ ಇಲಾಖೆಯ ಟೆಂಡರುಗಳಿಂದ ಶುರುವಾದರೆ ಖಾಸಗಿಯವರೂ ಅನುಸರಿಸುತ್ತಾರೆ. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಪೇಂಟರ್‌ಗಳೂ ನೋಂದಾಯಿಸಿಕೊಳ್ಳುತ್ತಾರೆ. ಅಲ್ಲಿನ ತರಬೇತಿಯಲ್ಲಿ ಈ ಡ್ರಮ್ಮಿನ ಪಾಠ, ನೈಟ್ರೈಲ್ ಕೈಗವಸು, ಹಳೆಯ ಇನಾಮಲ್ ಉಜ್ಜುವಾಗ ಸೀಸದ ಧೂಳಿಗೆ ಸರಿಹೊಂದುವ ಮುಖಗವಸು ಸೇರಬೇಕು. ಡಬ್ಬಿಯ ಮೇಲೆ ವಿಒಸಿ ಎಷ್ಟು, ಸಂರಕ್ಷಕ ಯಾವುದು, ಅದರ ಪ್ರಮಾಣವೆಷ್ಟು ಎಂಬ ಮೂರು ವಿವರ ಕನ್ನಡದಲ್ಲೂ ಹಿಂದಿಯಲ್ಲೂ ಇರಬೇಕು. ಏಕೆಂದರೆ ಬೆಂಗಳೂರಿನಲ್ಲಿ ಆ ಡಬ್ಬಿಯನ್ನು ತೆರೆಯುವವರಲ್ಲಿ ಬಿಹಾರ, ಉತ್ತರ ಪ್ರದೇಶದಿಂದ ಬಂದ ಹುಡುಗರೂ ಬಹಳ ಮಂದಿ ಇದ್ದಾರೆ.